ಫಾರಂನಲ್ಲಿ ಬರೆಯದ ಭಾಷೆಗಳು

ನನಗೆ ಐದೂವರೆ ಭಾಷೆ ಬರುತ್ತದೆ. ಆದರೂ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲದೆ, ಆಸ್ಟ್ರೇಲಿಯಾದ ಪರ್ತ್‌ನ ಈ ಬಾಡಿಗೆ ಮನೆಯಲ್ಲಿ ಅನ್ನಕ್ಕಿಟ್ಟು ಕೂತಿದ್ದೇನೆ.

ಗಣಿ ಎಂಜಿನಿಯರಾಗಲು ಬಂದ ಉಮಾಕಾಂತನೆಂಬ ನಾನು, ಗಣಿಗಳೇ ಮಲಗಿದ ೨೦೧೫ರಲ್ಲಿ ಇಲ್ಲಿನ ವೆಲ್ಷ್‌ಪೂಲ್‌ನ ಪಂಪಿನ ಗೋದಾಮಿನಲ್ಲಿ ಕಸ್ಟಮರ್ ಸರ್ವಿಸ್ ಕೌಂಟರಿಗೆ ಇಳಿದೆ. ಅದೂ ಜೂನ್‌ವರೆಗಿನ ಗುತ್ತಿಗೆ. ಅಷ್ಟರಲ್ಲಿ ಮ್ಯಾನೇಜರ್ ಶೆರಿಲ್ ಫಾರಂ ಹಂಚಿದಳು. ಗಿರಾಕಿಗಳಿಗೆ ಉಪಯೋಗವಾಗುವ ಭಾಷೆಗಳನ್ನು ಬರೆಯಬೇಕು, ಹೆಚ್ಚು ಭಾಷೆ ಬಂದವರಿಗೆ ಕೆಲಸ ಕಾಯಂ.

'ಇಂಗ್ಲಿಷ್, ಚೀನೀ (ಕಲಿಯುತ್ತಿದ್ದೇನೆ)' ಎಂದು ಬರೆದೆ.

"ತಮಿಳು, ತೆಲುಗು, ಹಿಂದಿ ಯಾಕ್ರೀ ಬರೀಲಿಲ್ಲ?" ಎಂದಳು ನನ್ನ ಧರ್ಮಪತ್ನಿ ಕಸ್ತೂರಿ.

"ಅದೂ ಒಂದು ಕ್ವಾಲಿಫಿಕೇಷನ್ನಾ? ಬೆಂಗಳೂರಲ್ಲಿ ಓನರ್ ಹತ್ರ ತೆಲುಗು, ತರಕಾರಿಯವನ ಹತ್ರ ತಮಿಳು ಎಲ್ರೂ ಮಾತಾಡ್ತಾರೆ. ಬರೆದ್ರೆ ನಗ್ತಾರೆ ಕಣೆ!"

ಮೂರು ತಿಂಗಳು ಬಾತ್‌ರೂಮಿನಲ್ಲಿ ಮೊಬೈಲ್ ಹಿಡಿದು ಚೀನೀ ಕೂಗಿದೆ. (ಯಾರಿಗೋ ಹುಷಾರಿಲ್ಲವೆಂದುಕೊಂಡು ಪಕ್ಕದ ಮನೆಯಾಕೆ ಸೂಪ್ ಕಳಿಸಿದಳು.) ಕೊನೆಗೊಂದು ದಿನ ಕೌಂಟರಿಗೆ ಬಂದ ಗಿರಾಕಿಗೆ ನನ್ನ ಸ್ವಾಗತ ಭಾಷಣವನ್ನು ಅರ್ಪಿಸಿದೆ. ಆತ ತಾಳ್ಮೆಯಿಂದ ಪೂರ್ತಿ ಕೇಳಿದ.

"ಸಾರಿ ಮೇಟ್, ನಾವು ವಿಯೆಟ್ನಾಂನವರು."

ಅದೇ ಹೊತ್ತಿಗೆ, ನಾನು ಮರೆತಿದ್ದ ಊಟದ ಡಬ್ಬಿ ಹಿಡಿದು ಕಸ್ತೂರಿ ಬಂದಳು. ಸಾಲಿನಲ್ಲಿ ಸಿಂಗಾಪುರದ ತಮಿಳು ಅಜ್ಜ ಒಬ್ಬರು ಕೆಟ್ಟ ಪಂಪು ಹೊತ್ತು ಪರದಾಡುತ್ತಿದ್ದರು. ಇವಳು ತಮಿಳಿನಲ್ಲಿ ಮಾತಿಗಿಳಿದು ಪಂಪಿನ ಕಥೆ, ಸೊಸೆಯ ಕಥೆ ಎರಡನ್ನೂ ಕೇಳಿಕೊಂಡಳು. ಹಿಂದೆ ನಿಂತಿದ್ದ ದಂಪತಿಗೆ ತೆಲುಗು, ಲಾರಿ ಡ್ರೈವರಿಗೆ ಹಿಂದಿ. ಶೆರಿಲ್ ಕೆಲಸ ಬಿಟ್ಟು ನೋಡುತ್ತಾ ನಿಂತಳು.

"ನಿನಗೂ ಇವೆಲ್ಲ ಬರುತ್ತಾ?" ಎಂದು ನನ್ನನ್ನು ಕೇಳಿದಳು.

"ಬರುತ್ತೆ."

"ಮತ್ತೆ ಯಾಕೆ ಬರೆಯಲಿಲ್ಲ?"

ನಾನು ಊಟದ ಡಬ್ಬಿಯ ಮುಚ್ಚಳ ತೆಗೆದು, ಪಲ್ಯ ಏನೆಂದು ಪರೀಕ್ಷಿಸತೊಡಗಿದೆ.

ಜೂನ್‌ನಲ್ಲಿ ಗುತ್ತಿಗೆ ಮುಗಿದು ನಾನು ಮನೆಗೆ, ಶೆರಿಲ್ ಕರೆದು ಕಸ್ತೂರಿ ಕೌಂಟರಿಗೆ. ಅವಳ ಬ್ಯಾಡ್ಜಿನಲ್ಲಿ ಐದು ಭಾಷೆ. ಕನ್ನಡವನ್ನೂ ಬರೆಸಿದ್ದಾಳೆ, ಗಟ್ಟಿಗಿತ್ತಿ! ನನಗೆ ಹೊಟ್ಟೆಕಿಚ್ಚಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ಹೆಚ್ಚಾಗಿ ಬೇಜಾರು. ದಿನವಿಡೀ ಗೋಡೆ ನೋಡಿದವನಿಗೆ ಸಂಜೆ ಹೆಂಡತಿಯ ಜೊತೆ ನಾಲ್ಕು ಮಾತಾಡುವ ಆಸೆ ಇರುವುದಿಲ್ಲವೇ?

ಬಾಗಿಲ ಸದ್ದಾಯಿತು. ಬಡಿಸುತ್ತಾ, "ಹೇಗಿತ್ತೇ ಇವತ್ತು?" ಎಂದೆ.

"ಬೆಳಗ್ಗಿಂದ ಮಾತಾಡಿ ದವಡೆ ನೋಯ್ತಿದೆ ರೀ. ಸ್ವಲ್ಪ ಸುಮ್ನಿರ್ತೀರಾ?"

ಸುಮ್ಮನಾದೆ. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಅದನ್ನು ಚೆನ್ನಾಗಿ ಕಲಿತಿದ್ದೇನೆ. ಫಾರಂನಲ್ಲಿ ಅದನ್ನೂ ಬರೆದಿರಲಿಲ್ಲ.