ಕಾಲಿಗೆ ಚಕ್ರ ಕಟ್ಟಿಕೊಂಡ ಜಡ್ಜ್ ಮಾವ

ನಮ್ಮ ಸೋದರಮಾವ ಆಯುಷ್ಯದಲ್ಲಿ ಸುಮ್ಮನೆ ಕೂತದ್ದು ನ್ಯಾಯಾಧೀಶರ ಕುರ್ಚಿಯಲ್ಲಿ ಮಾತ್ರ. ಅದೂ ಕೂತಿರುವುದಕ್ಕೇ ಸರ್ಕಾರ ಸಂಬಳ ಕೊಡುತ್ತಿತ್ತು ಅಂತ! ಮಳವಳ್ಳಿ, ಮದ್ದೂರು, ಮಂಡ್ಯ ಎಂದು ಕೋರ್ಟು ಸುತ್ತಿ ನಿವೃತ್ತರಾದರು. ಇನ್ನಾದರೂ ಮನೆಯಲ್ಲಿರುತ್ತಾರೆ ಎಂದು ಅತ್ತೆ ಉಸಿರು ಬಿಡುವಷ್ಟರಲ್ಲಿ ಸರ್ಕಾರ ಅವರನ್ನು ಜಿಲ್ಲೆಯ ರಸ್ತೆ ಸುರಕ್ಷತಾ ಅಧಿಕಾರಿ ಮಾಡಿತು. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ಇದು ನನ್ನ ಮಾತಲ್ಲ, ಅತ್ತೆಯದು!

ಅವರ ಸರ್ಕಾರಿ ಡ್ರೈವರಿಗೆ ಭಾನುವಾರ ರಜೆ. ಮದ್ದೂರಿನಲ್ಲಿ ಪಾಠ ಹೇಳಿಕೊಂಡಿರುವ ನನಗೆ ಎಲ್ಲಿಯ ರಜೆ? ಕಾರು ನನ್ನದು, ಸ್ಟೀರಿಂಗ್ ನನ್ನದು. ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕು ತುಳಿದು ತುಳಿದು ಮ್ಯಾಟು ಸವೆಸಿದವರು ಮಾತ್ರ ಮಾವ.

ಚಿಕ್ಕರಸಿನಕೆರೆಯಲ್ಲಿ ರಸ್ತೆಗೆ ಹಂಪು ಹಾಕಿಸಬೇಕಿತ್ತು. ಬೇರೆಯವರಾದರೆ ಜಲ್ಲಿ, ಟಾರು ತಂದು ಸುರಿಯುತ್ತಿದ್ದರು. ಮಾವ ಹಳೇ ಚಾಳಿ ಬಿಡುವುದುಂಟೇ? ಎರಡೂ ಕಡೆಯ ವಾದ ಕೇಳದೆ ಅವರು ಮನೆಯಲ್ಲಿ ಉಪ್ಪಿಟ್ಟನ್ನೂ ತೀರ್ಮಾನಿಸುವವರಲ್ಲ. ಟೀ ಅಂಗಡಿ ಬೆಂಚಿನ ಮೇಲೇ ವಿಚಾರಣೆ ನಡೆಯಿತು. ಹಂಪು ಬೇಡ ಎನ್ನುವವರು ಒಬ್ಬರೂ ಇಲ್ಲ! ಟೀ ಅಂಗಡಿಯವನು, ಸೈಕಲ್ ಶಾಪಿನವನು, ಬೋಂಡದವಳು, ಎಲ್ಲರಿಗೂ ತಂತಮ್ಮ ಬಾಗಿಲ ಮುಂದೆಯೇ ಬೇಕು. ಗಾಡಿ ನಿಧಾನವಾದರೆ ಗಿರಾಕಿ ಇಳಿಯುತ್ತಾನಲ್ಲ! ಮಾವ ಕೂತಲ್ಲೇ ತೀರ್ಪು ಕೊಟ್ಟು ಸ್ಕೂಲಿನ ಮುಂದೆ ಹಾಕಿಸಿದರು. ಮಾರನೆಯ ವಾರ ನೋಡಿದರೆ ಬೋಂಡದ ಗಾಡಿ ಸ್ಕೂಲಿನ ಪಕ್ಕಕ್ಕೇ ಬಂದು ನಿಂತಿತ್ತು.

ಮಳವಳ್ಳಿಯ ಮದುವೆಯೊಂದರಲ್ಲಂತೂ ವರ ತಾಳಿ ಎತ್ತಿ ಹಿಡಿದಿದ್ದಾನೆ, ಮಾವ ಛತ್ರದ ಹಿಂಬಾಗಿಲಿಗೆ ಬೀಗ ಕಂಡರು. ಬೆಂಕಿ ಬಿದ್ದರೆ ಜನ ಎಲ್ಲಿಂದ ಓಡಬೇಕು? ಬೀಗ ತೆಗೆಯುವವರೆಗೆ ಗಟ್ಟಿಮೇಳ ನಿಲ್ಲಿಸಿದರು. ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಗೋಗರೆದರು.

"ಮೀರ್ಲಿ ಬುಡಿ, ಮುಂದಿನ ಡೇಟ್ ಕೊಡಾಣ," ಅಂದರು ಮಾವ. ಜಡ್ಜ್ ಬುದ್ಧಿ!

ನಗು ಅಡಗಿದ್ದು ನಿಡಘಟ್ಟದ ಹತ್ತಿರ. ಹೆದ್ದಾರಿಯ ಬೇಲಿ ಕಿತ್ತು ಜನ ಗಾಡಿಗಳ ನಡುವೆಯೇ ಓಡಿ ದಾಟುತ್ತಿದ್ದರು. ಬೇಲಿ ಮುಚ್ಚಿಸಲು ಹೋದ ಮಾವನನ್ನು, ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ತಡೆದಳು.

"ಮುಚ್ಸು ಸಾಮಿ, ಯಾರ್ ಬ್ಯಾಡ ಅಂದೋರು? ಅಂಡರ್‌ಪಾಸ್ನಾಗೆ ಮೊಣಕಾಲುದ್ದ ನೀರ್ ನಿಂತದೆ. ಈ ಒರೆ ಒತ್ಕೊಂಡು ನಾನೇನ್ ಈಜ್ಕೊಂಡ್ ಓಗ್ಲಾ?"

ಮಾವ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಆ ಕೊಳಕು ನೀರಿನಲ್ಲಿ ತಾವೇ ಆಚೆ ತುದಿಗೆ ಹೋಗಿ ಬಂದರು. ಆಮೇಲೆ ಆ ವಾರವೆಲ್ಲ ಯಾವ ಇಲಾಖೆಯವರಿಗೂ ನಿದ್ದೆಯಿಲ್ಲ, ಅತ್ತೆಗೂ ಇಲ್ಲ. ಪಂಪು ಬಂತು, ಚರಂಡಿಯಾಯಿತು, ದೀಪ ಹತ್ತಿತು. ಬೇಲಿ ಮುಚ್ಚಿದ ಮರುದಿನ ಭಾನುವಾರ; ಬೆಳಕು ಹರಿಯುವ ಮೊದಲೇ ಮಾವ ನಮ್ಮ ಗೇಟು ಬಡಿಯುತ್ತಿದ್ದರು.

"ಏನು ಮಾವ, ಒಂದು ಗಳಿಗೆ ನೆಮ್ಮದಿಯಾಗಿ ಕೂರಬಾರದಾ?" ಎಂದು ದಾರಿಯಲ್ಲಿ ರೇಗಿದೆ.

ಮಾವ ಇಲ್ಲದ ಬ್ರೇಕಿನ ಮೇಲಿಂದ ಕಾಲು ತೆಗೆದರು. "ಆಕ್ಸಿಡೆಂಟ್ ಕೇಸು ಅದೆಷ್ಟ್ ನೋಡುದ್ನೋ ಕಣಮ್ಮ. ಕೋರ್ಟ್ಗೆ ಬರೋ ಒತ್ಗೆ ಎಲ್ಲ ಮುಗ್ದೋಗಿರೋದು. ಸತ್ತೋನ ಫೋಟೊ ಇಡ್ಕಂಡು ಎಂಡ್ತಿ ನಿಂತಿರೋಳು. ನಾನ್ ಪರಿಹಾರ ಬರೀತಿದ್ದೆ. ಇನ್ನೇನ್ ಇತ್ತು ನನ್ ಕೈಲಿ?"

ನಿಡಘಟ್ಟದಲ್ಲಿ ಕಾರು ನಿಲ್ಲಿಸಿ ಇಬ್ಬರೂ ಅಂಡರ್‌ಪಾಸಿನ ಬಳಿ ನಿಂತೆವು. ಮೇಲೆ ಬೆಂಗಳೂರಿನ ಗಾಡಿಗಳು ಭರ್ರೆಂದು ಹೋಗುತ್ತಿದ್ದವು. ಹುಲ್ಲಿನ ಹೊರೆ ಹೊತ್ತ ಅದೇ ಮುದುಕಿ, ನಮ್ಮ ಕಡೆ ತಿರುಗಿಯೂ ನೋಡದೆ, ಒಣ ನೆಲದ ಮೇಲೆ ಒಳಗೆ ನಡೆದಳು. ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ನಂಗ್ ಕಾಣಾಕಿಲ್ಲ ಕಣಮ್ಮ, ನೀನೇ ನೋಡೇಳು," ಅಂದರು. "ಆ ಕಡಿಕ್ ದಾಟುದ್ಲಾ?"

"ದಾಟಿದಳು ಮಾವ," ಅಂದೆ.