ಅಳುವನ್ನು ಅಳಿಸಲು ಹೊರಟವನು

ನಮ್ಮ ಕಚೇರಿಯಲ್ಲಿ ಪ್ರಿಂಟರಿನ ಬಾಯಿಗೆ ಕಾಗದ ಸಿಕ್ಕಿಕೊಂಡರೆ ಮೊದಲು ಕೂಗುವುದು ನನ್ನ ಹೆಸರನ್ನೇ. “ಭೀಮಶಿ ಸರ್ ಎಲ್ಲಿ ಅದಾರ? ಕರೀರಿ ಅವರನ್ನ!” ನಾನು ಗಂಭೀರವಾಗಿ ಎದ್ದು ಹೋಗಿ, ಸ್ವಿಚ್ಚು ಆರಿಸಿ, ಮತ್ತೆ ಹಾಕುತ್ತೇನೆ. ಹತ್ತರಲ್ಲಿ ಏಳು ಸಲ ಯಂತ್ರ ಸರಿಹೋಗುತ್ತದೆ. ಉಳಿದ ಮೂರು ಸಲ “ಇದು ಕಂಪನಿಯವರದೇ ತಪ್ಪು” ಎಂದು ತೀರ್ಪು ಕೊಟ್ಟು ಬಂದು ಕೂಡುತ್ತೇನೆ. ಜಮಖಂಡಿಯಲ್ಲಿ ಇಷ್ಟು ಕೀರ್ತಿ ಗಳಿಸಿದ ನಾನು ಹೆಬ್ಬೆರಳಷ್ಟೂ ಇಲ್ಲದ ಪೆನ್‌ಡ್ರೈವಿಗೆ ಹೆದರುವುದುಂಟೇ? ಅದರೊಳಗಿನ ನಾಲ್ಕೇ ನಾಲ್ಕು ನಿಮಿಷವನ್ನು ನನ್ನ ಕೈಯಾರೆ ಅಳಿಸಿಹಾಕುತ್ತೇನೆಂದು ಆ ಶನಿವಾರ ಪಣ ತೊಟ್ಟೆ!

ಯಾವ ನಾಲ್ಕು ನಿಮಿಷ? ನಾಚಿಕೆ ಬಿಟ್ಟು ಹೇಳುತ್ತೇನೆ, ಕೇಳಿ.

ನನ್ನ ಮದುವೆ ಇಪ್ಪತ್ತೈದು ವರ್ಷದ ಹಿಂದೆ ಹೆಂಡತಿಯ ಊರಾದ ಹುನ್ನೂರಿನಲ್ಲಿ ನಡೆಯಿತು. ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ ಮಾಯಾ ಹೇಗೆ ಅತ್ತಳೆಂಬುದನ್ನು ನಾನು ಮಕ್ಕಳಿಗೆ, ನೆರೆಯವರಿಗೆ, ಕಚೇರಿಯವರಿಗೆ ಸಾವಿರ ಸಲ ವರ್ಣಿಸಿದ್ದೇನೆ. “ಹುನ್ನೂರಿಂದ ನಮ್ಮೂರು ಬೀಳಗಿ ಮುಟ್ಟೂತನಕ ಅಳು! ಜೀಪಿನ ಸೀಟು ಹಿಂಡಿ ಒಣಗಿ ಹಾಕಬೇಕಾತು!” ಮಾಯಾ ಪ್ರತಿ ಸಲವೂ “ಹೌದೇನ್ರೀ?” ಎಂದಷ್ಟೇ ಕೇಳಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು.

ಖರೆ ಸಂಗತಿ ಏನೆಂದರೆ, ಅವತ್ತು ಅತ್ತವನು ನಾನು! ಹೆಸರು ಭೀಮಶಿ, ಮೀಸೆ ಹುರಿ ಮಾಡಿದ್ದು, ಆದರೆ ಅತ್ತದ್ದು ಮಾತ್ರ ಹಸುಗೂಸಿನ ಹಾಗೆ. ಅದಕ್ಕಿದ್ದ ಏಕೈಕ ಸಾಕ್ಷಿಯಾದ ವಿಡಿಯೋ ಕ್ಯಾಸೆಟ್ಟು ಹುನ್ನೂರಿನ ಮನೆಯ ಟ್ರಂಕಿನಲ್ಲಿ ಬೂಸ್ಟು ಹಿಡಿದು ಬಿದ್ದಿತ್ತು. ನಾನು ನಿಶ್ಚಿಂತನಾಗಿದ್ದೆ.

ನನ್ನ ನಿಶ್ಚಿಂತೆಗೆ ಕಲ್ಲು ಹಾಕಿದವನು ಮಾಯಾಳ ತಮ್ಮ ಗುರುಪಾದ. ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಉಡುಗೊರೆಯೆಂದು ಒಂದು ಪೆನ್‌ಡ್ರೈವ್ ತಂದು ಅಕ್ಕನ ಕೈಗಿಟ್ಟ.

“ಮಾವಾರ, ನಿಮ್ಮ ಮದವಿ ಪೂರಾ ಇದರಾಗ ಹಾಕಿಸೀನ್ರಿ. ಆ ಟೇಪು ಕಡೀ ಸಲ ಓಡಿ ಮಷೀನಿನ್ಯಾಗ ಹರದ ಹೋತು. ಈಗ ಉಳದದ್ದು ಇದೊಂದ. ಯಾರರ ಕೈ ಹಚ್ಚಿ ಅಳಿಸ್ಯಾರು ಅಂತ ರೈಟ್ ಪ್ರೊಟೆಕ್ಷನ್ ಹಾಕಿಸೀನಿ. ನೋಡಾಕ ಬರತೈತಿ, ಅಳಸಾಕ ಬರೂದಿಲ್ಲ. ಐತವಾರ ನಮ್ಮ ಮಂದಿ ಎಲ್ಲಾ ಬರತೇವಿ. ಕೂಡೇ ನೋಡೂಣು!”

ಮಾಯಾ ಅದನ್ನು ಸೆರಗಿನಿಂದ ಒರೆಸಿ ದೇವರ ಜಗಲಿಯ ಮೇಲಿಟ್ಟಳು. “ಎಲ್ಲಾರೂ ಬಂದ ಮ್ಯಾಲೆನ ನೋಡೂದು. ಮುಟ್ಟಬ್ಯಾಡ್ರಿ ಮತ್ತ,” ಎಂದು ನನಗೆ ತಾಕೀತು ಮಾಡಿ ಶನಿವಾರ ತೇರದಾಳಕ್ಕೆ ಕೂಸಿನ ಹೆಸರಿಡುವ ಕಾರ್ಯಕ್ಕೆ ಹೋದಳು. ಬಸ್ಸು ತಿರುವು ದಾಟಿತೋ ಇಲ್ಲವೋ, ನಾನು ಜಗಲಿಯ ಮೇಲಿನ ಬೀರೇಶ್ವರನಿಗೆ ಕೈಮುಗಿದು, ಅವನ ಪಕ್ಕದಿಂದ ಪೆನ್‌ಡ್ರೈವ್ ಎತ್ತಿಕೊಂಡೆ!

ಲ್ಯಾಪ್‌ಟಾಪಿಗೆ ಚುಚ್ಚಿದರೆ ಏಳು ಫೈಲುಗಳು. ನನ್ನ ಅಳು ಕಡೆಯದಾದ ಏಳನೆಯದರಲ್ಲಿರಬೇಕು. ನೇರ ಅಲ್ಲಿಗೇ ಹೋಗಬೇಕಿತ್ತು. ಒಂದನ್ನು ಸುಮ್ಮನೆ ತೆರೆದು ನೋಡಿದರೇನಾಯಿತು ಎಂದುಕೊಂಡೆ, ಕೆಟ್ಟೆ.

ಮೊದಲಿಗೆ ಗುಲಾಬಿ ಹೂವು ಅರಳಿ ಅದರೊಳಗಿಂದ ನನ್ನ ಮುಖ ಹೊರಬಂತು. ಆಮೇಲೆ ಹುನ್ನೂರಿನ ಆ ಹಂದರ, ಹಾಸಿದ ಕಂಬಳಿಗಳು, ಡೊಳ್ಳು ಬಾರಿಸುತ್ತ ಬೆವರಿಳಿಸುವ ಗಂಡಸರು. ನಮ್ಮಪ್ಪ ಪಾಂಡಪ್ಪ ಕೆಂಪು ರುಮಾಲು ಸುತ್ತಿಕೊಂಡು, ಕ್ಯಾಮೆರಾ ಕಂಡಲ್ಲೆಲ್ಲ ಎದೆ ಸೆಟೆಸಿ ನಿಲ್ಲುತ್ತಿದ್ದ. ಈಗ ಅಪ್ಪನಿಲ್ಲ. ಹುಗ್ಗಿಯ ಬಕೆಟ್ಟು ಹಿಡಿದು ಪಂಕ್ತಿಯ ತುದಿಯಿಂದ ಓಡುತ್ತಿದ್ದವನಿಗೆ ತಲೆತುಂಬ ಕೂದಲು, ಅವನು ಗುರುಪಾದ! ಮೂರನೆಯ ಫೈಲಿನಲ್ಲಿ ನಮ್ಮತ್ತೆ ಹೊಳೆವ್ವ. ಯಾರೋ ಬೀಗರ ತಾಟಿಗೆ ಬ್ಯಾಡ ಬ್ಯಾಡ ಎಂದರೂ ತುಪ್ಪ ಸುರಿದು, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಆಕೆ ತೀರಿಕೊಂಡು ಆರು ವರ್ಷ. ಆ ನಗುವನ್ನು ನಾನು ಮರೆತೇ ಬಿಟ್ಟಿದ್ದೆ. ಹಿಂದೆ ಓಡಿಸಿ ಇನ್ನೊಮ್ಮೆ ನೋಡಿದೆ.

ಏಳನೆಯದಕ್ಕೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಶಬ್ದ ಪೂರ್ತಿ ಬಂದ್ ಮಾಡಿದೆ. ನನ್ನ ಅಳು ನನಗೂ ಕೇಳಬಾರದು! ಜೀಪಿನ ಬಾಗಿಲು ಹಿಡಿದು, ಬಾಸಿಂಗ ಓರೆಯಾಗಿ, ಭುಜ ಕುಣಿಸುತ್ತ ಅಳುವ ಮದುಮಗ. ಒಳಗೆ ಕೂತ ಮದುಮಗಳ ಕಣ್ಣಲ್ಲಿ ಹನಿ ನೀರಿಲ್ಲ. ಬಸ್ಸು ತಡವಾದ ಪ್ರಯಾಣಿಕರ ಹಾಗೆ ಮುಂದೆ ನೋಡುತ್ತಿದ್ದಾಳೆ! ಇದನ್ನು ನಾಳೆ ಹದಿನೈದು ಮಂದಿ ನೋಡಬೇಕೇ? ಸಾಧ್ಯವೇ ಇಲ್ಲ. ಡಿಲೀಟ್ ಒತ್ತಿದೆ.

‘ಡಿಸ್ಕ್ ರೈಟ್ ಪ್ರೊಟೆಕ್ಟೆಡ್ ಆಗಿದೆ’ ಎಂದಿತು ಪರದೆ. ಮತ್ತೆ ಒತ್ತಿದೆ. ಮತ್ತೆ ಅದನ್ನೇ ಹೇಳಿತು. ಪೆನ್‌ಡ್ರೈವಿನ ಪಕ್ಕದಲ್ಲಿ ಗುಂಡಿಯೇನಾದರೂ ಇದೆಯೇ ಎಂದು ಸೂಜಿ ಹಿಡಿದು ಕೆದಕಿದೆ, ಇರಲಿಲ್ಲ. ಪ್ರಿಂಟರಿಗೆ ಮಾಡುವ ದಿವ್ಯ ಚಿಕಿತ್ಸೆಯನ್ನೂ ಮಾಡಿದೆ: ಕಿತ್ತೆ, ಹಾಕಿದೆ. ಕೊನೆಗೆ ಅಭಿಮಾನವನ್ನು ಬದಿಗಿಟ್ಟು ನಮ್ಮ ಕಚೇರಿಯ ಕಂಪ್ಯೂಟರ್ ಆಪರೇಟರ್ ಪೂರ್ಣಿಮಾಗೆ ಫೋನು ಹಚ್ಚಿದೆ.

“ಪೂರ್ಣಿಮಾ, ನಮ್ಮ ಗೆಳ್ಯಾ ಒಬ್ಬಾಂವಂದು ಪೆನ್‌ಡ್ರೈವ್ ಲಾಕ್ ಆಗೇತಿ...”

“ಗೆಳ್ಯಾಂದು ಹೌದೇನ್ರಿ ಸರ್?” ಎಂದು ನಕ್ಕು, ಆಕೆ ಪರದೆಯ ಮೇಲೆ ಒಂದು ಕರಿ ಕಿಟಕಿ ತೆರೆಸಿದಳು. ಹೇಳಿದ ಹಾಗೆ ಒಂದೊಂದೇ ಅಕ್ಷರ ಒತ್ತಿದೆ. ಮೂರನೆಯ ಸಾಲಿಗೆ ಬೀಗ ಬಿಚ್ಚಿತು! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎದೆ ನಡುಗುವಂಥ ಹಾಡು ಹಚ್ಚಿಕೊಂಡು ನಮ್ಮ ಬಾಗಿಲ ಮುಂದೆ ಹಾಯಿತು. ಫೋನಿನಲ್ಲಿ ಪೂರ್ಣಿಮಾ, “ಇನ್ನ ಕ್ಲೀನ್ ಅಂತ ಒಂದ ಐತ್ರಿ ಸರ್, ಅದನ್ನ ಒತ್ತ...” ಎನ್ನುತ್ತಿದ್ದಳು. ಉಳಿದದ್ದು ಹಾಡಿನಲ್ಲಿ ಮುಳುಗಿತು. ನಾನು ಒತ್ತಿದೆ.

ಟ್ರ್ಯಾಕ್ಟರು ದೂರ ಹೋದ ಮೇಲೆ ಆಕೆಯ ದನಿ ಕೇಳಿತು. “...ಬ್ಯಾಡ್ರಿ! ಒತ್ತಿದ್ರ ಎಲ್ಲಾ ಹೋಗಿಬಿಡತೈತಿ. ಕೇಳ್ತೇನ್ರಿ ಸರ್?”

ಕೇಳಿತು. ತಡವಾಗಿ ಕೇಳಿತು! ಏಳು ಫೈಲುಗಳಿದ್ದಲ್ಲಿ ಒಂದೂ ಇರಲಿಲ್ಲ. ಕನ್ನಡದಲ್ಲಿ ಅಳಿಸುವುದು ಎಂದರೆ ಎರಡು ಅರ್ಥ ನೋಡಿ. ನಾನು ಅಳಿಸಿದೆ, ಅದು ನನ್ನನ್ನು ಅಳಿಸಿತು.

ಹೆದರಿದ ಮನುಷ್ಯನ ಬುದ್ಧಿ ಎಲ್ಲಿಗೆಲ್ಲ ಹೋಗುತ್ತದೆ! ಖಾಲಿ ಪೆನ್‌ಡ್ರೈವ್ ಕಂಡರೆ ನನ್ನ ಮೇಲೇ ಸಂಶಯ ಬರುತ್ತದೆ, ಏನನ್ನಾದರೂ ತುಂಬಿಡೋಣ ಎಂದುಕೊಂಡೆ. ‘ಫಾರ್ಮ್ಯಾಟ್ ಮಾಡಲೇ?’ ಎಂದು ಅದು ಕೇಳಿತು, ಮಾಡು ಎಂದೆ. ಲ್ಯಾಪ್‌ಟಾಪಿನಲ್ಲಿದ್ದ ಕಚೇರಿಯ ಚುನಾವಣಾ ತರಬೇತಿಯ ವಿಡಿಯೋಗಳನ್ನು ಅದರೊಳಗೆ ಸುರಿದೆ. ನಾಳೆ ಎಲ್ಲರೂ ಮತಪೆಟ್ಟಿಗೆಯನ್ನು ನೋಡಿ, ಗುರುಪಾದನಿಗೆ ಇದನ್ನು ತುಂಬಿಕೊಟ್ಟ ಸ್ಟುಡಿಯೋದವನನ್ನು ಬೈಯಲಿ!

ಸಂಜೆ ಮಾಯಾ ಬಂದವಳೇ ಕಾಲು ತೊಳೆದು ಗೋಡೆಯ ಮೇಲಿದ್ದ ತಾಯಿಯ ಫೋಟೋ ಮುಂದೆ ನಿಂತಳು. ಹೊಳೆವ್ವನದು ಇರುವುದೇ ಅದೊಂದು ಫೋಟೋ. ಆಧಾರ್ ಕಾರ್ಡಿಗೆ ತೆಗೆದದ್ದನ್ನು ದೊಡ್ಡದು ಮಾಡಿಸಿದ್ದು; ಕ್ಯಾಮೆರಾದ ಮೇಲೆ ಸಿಟ್ಟಿಗೆದ್ದ ಹಾಗೆ ಕಾಣುತ್ತಾಳೆ.

“ರೀ, ನೀವು ಕದ್ದು ನೋಡೇ ಇರ್ತೀರಿ, ನಂಗೊತ್ತೈತಿ. ಅದರಾಗ ಅವ್ವ ನಗತಾಳೇನ್ರೀ?”

ಕಚೇರಿಯಲ್ಲಿ ಎಂಥ ಸಾಹೇಬರ ಮುಂದೂ ಸುಳ್ಳು ಹೇಳಿ ಅಭ್ಯಾಸವಿದ್ದ ನನ್ನ ನಾಲಗೆ ಅಲ್ಲೇ ಕೈಕೊಟ್ಟಿತು. “ನಗತಾಳ,” ಎಂದೆ. “ನಗತಿದ್ಳು.” ಆಮೇಲೆ ಸೂಜಿಯಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲ ಹೇಳಿಬಿಟ್ಟೆ.

ಮಾಯಾ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಫೋಟೋದತ್ತ ನೋಡುತ್ತಲೇ ಕೇಳಿದಳು. “ಅಳಸಾಕರ ಯಾಕ ಹೋದ್ರಿ?”

“ನಾ ಅತ್ತದ್ದು ಮಂದಿಗೆ ಗೊತ್ತಾಗತೈತಿ ಅಂತ...”

“ಗೊತ್ತಾಗೂದೇನ್ರೀ? ಇಪ್ಪತ್ತೈದು ವರ್ಷ ಆತು, ಹುನ್ನೂರಾಗ ನನ್ನ ಗೆಳತ್ಯಾರು ಇವತ್ತಿಗೂ ಕೇಳ್ತಾರ, ‘ನಿನ್ನ ಅಳೂ ಗಂಡ ಹೆಂಗದಾನವಾ’ ಅಂತ!”

ನನ್ನ ಇಪ್ಪತ್ತೈದು ವರ್ಷದ ಕೀರ್ತಿ ಆ ಒಂದು ಮಾತಿಗೆ ಮಣ್ಣುಪಾಲಾಯಿತು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಬನಹಟ್ಟಿಗೆ ಹೋದೆವು. ಹೋದ ಫೈಲುಗಳನ್ನು ಹುಡುಕಿ ತೆಗೆಯುವ ರಾಧಿಕಾ ಎಂಬಾಕೆ ಅಲ್ಲಿದ್ದಾಳೆಂದು ಪೂರ್ಣಿಮಾ ಹೇಳಿದ್ದಳು. ಅಕ್ಕಪಕ್ಕದ ಮಗ್ಗಗಳ ಸದ್ದಿನ ನಡುವೆ ರಾಧಿಕಾ ಎರಡು ತಾಸು ಪರದೆಯಿಂದ ಕಣ್ಣು ಕೀಳಲಿಲ್ಲ. ಕೊನೆಗೆ ನನ್ನತ್ತ ತಿರುಗಿದಳು.

“ಖಾಲಿ ಬಿಟ್ಟಿದ್ರ ಎಲ್ಲಾ ಸಿಗತಿತ್ರಿ ಸರ್. ಮ್ಯಾಲೆ ಚುನಾವಣಿ ಯಾಕ ತುಂಬಿದ್ರಿ? ಆರು ಅದರ ಕೆಳಗ ಹೋದ್ವು. ಕಡೀದೊಂದು ಉಳದೈತಿ. ಏಳನೇದು.”

“ತಂಗಿ, ಅದನ್ನ ಬಿಟ್ಟು ಬ್ಯಾರೇದು ಯಾವುದರ ಒಂದು...”

“ಏಳನೇದರಾಗ ಅವ್ವ ಅದಾಳೇನ್ರೀ?” ಎಂದಳು ಮಾಯಾ.

“ಅದಾಳ.”

“ಹಂಗಾರ ಸಾಕು. ತಗೀರಿ ಅಕ್ಕಾರ ಅದನ್ನ.”

ಸಂಜೆ ನಮ್ಮ ಪಡಸಾಲೆಯಲ್ಲಿ ಹದಿನೈದು ಮಂದಿ. ಮೂರು ತಾಸಿನ ಮದುವೆಯಲ್ಲಿ ಉಳಿದದ್ದು ಮದುಮಗ ಅಳುವ ನಾಲ್ಕು ನಿಮಿಷ! ಗುರುಪಾದ ಟಿವಿಯ ದನಿ ಮೇಲಕ್ಕೇರಿಸಿದ. ನನ್ನ ಬಿಕ್ಕಳಿಕೆ ಬೀದಿಗೆ ಕೇಳಿತು. ಮಕ್ಕಳು ನೆಲದ ಮೇಲೆ ಬಿದ್ದು ನಕ್ಕವು. ಅಷ್ಟರಲ್ಲಿ ಪರದೆಯೊಳಗೆ ಹೊಳೆವ್ವ ಮಂದಿಯನ್ನು ಸರಿಸಿಕೊಂಡು ಬಂದಳು. ಶಬ್ದ ಬಂದ್ ಮಾಡಿಕೊಂಡು ನೋಡಿದ್ದ ನಾನು ಆಕೆಯ ಮಾತನ್ನು ಈಗಷ್ಟೇ ಕೇಳಿದೆ.

“ಅಳಬ್ಯಾಡೋ ನನ್ನಪ್ಪಾ! ಆಕೀನ್ನ ಛಲೋತ್ನಂಗ ಬೆಳಸೀನಿ. ನಿನಗೇನೂ ತ್ರಾಸ ಕೊಡೂದಿಲ್ಲ ಆಕಿ. ಕೊಟ್ರ ನನಗ ಬಂದು ಹೇಳು!”

ಮಗಳನ್ನು ಕಳಿಸಿಕೊಡುವ ತಾಯಿ ಅಳಿಯನನ್ನು ಸಂತೈಸುತ್ತಿದ್ದಾಳೆ! ನೆಲದ ಮೇಲೆ ಬಿದ್ದಿದ್ದ ಮಕ್ಕಳೂ ಎದ್ದು ಕೂತವು. ಆರು ವರ್ಷದ ಮೇಲೆ ಆ ದನಿ ಕೇಳಿಸಿತ್ತು. ಮುಗಿದ ಕೂಡಲೇ ಮಾಯಾ, “ಇನ್ನೊಮ್ಮೆ ಹಚ್ಚು,” ಎಂದಳು. ಮತ್ತೊಮ್ಮೆ. ಮಗದೊಮ್ಮೆ. ಐದನೆಯ ಸಲಕ್ಕೆ ನಾನು ಮೆಲ್ಲಗೆ ಅವಳ ಪಕ್ಕಕ್ಕೆ ಸರಿದು, “ಮಾಯಾ, ತಪ್ಪಾತು. ಉಳದದ್ದೆಲ್ಲಾ ನಾನ ಹಾಳ ಮಾಡಿದೆ. ಸಿಟ್ಟು ಬಂದೈತೇನು?” ಎಂದು ಕೇಳಿದೆ.

ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೈ ಮಾತ್ರ ನನ್ನ ಬಾಯಿಗೆ ಅಡ್ಡ ಬಂತು.

“ಸುಮ್ನ ಕುಂದರ್ರಿ. ಈಗ ಅವ್ವ ನಿಮ್ಮ ಮೂಗು ಒರಸ್ತಾಳ!”