ಮೂಲಕ್ಕೆ ನಿಷ್ಠವಾದ ಹಕ್ಕಿ

ನಾನು ಪೀಣ್ಯದಲ್ಲಿ ಒಂದು ಸಣ್ಣ ಶೀಟ್ ಮೆಟಲ್ ವರ್ಕ್‌ಶಾಪ್ ಇಟ್ಟುಕೊಂಡಿರುವ ಮನುಷ್ಯ. ಕರೆಂಟ್ ಪ್ಯಾನೆಲ್‌ಗಳಿಗೆ ತಗಡಿನ ಡಬ್ಬ ಮಾಡುವುದು ನನ್ನ ಕಸುಬು. ಡಬ್ಬ ಮಾಡುವವನಿಗೆ ಸಾಹಿತ್ಯದ ಗಂಧ ಇರಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ನನಗಿದೆ. ತೊಂದರೆ ಆದದ್ದೇ ಅದರಿಂದ!

ಕೆಲವು ವರ್ಷಗಳ ಹಿಂದೆ ನಾನು ಇಂಗ್ಲಿಷಿನ ಒಂದು ಮಾಯಾಲೋಕದ ಕಾದಂಬರಿ ಸರಣಿ ಓದಿದೆ. ಒಂದೊಂದು ಸಂಪುಟವೂ ಸಿಮೆಂಟ್ ಇಟ್ಟಿಗೆಯಷ್ಟು ದಪ್ಪ. ದಿಕ್ಕಿಲ್ಲದ ಹುಡುಗಿಯೊಬ್ಬಳು ಓರೂನ್ ಎಂಬ ದೈತ್ಯ ಹಕ್ಕಿಯ ಬೆನ್ನೇರಿ ರಾಣಿಯಾಗುವ ಕಥೆ. ಗ್ರೈಂಡಿಂಗ್ ಸದ್ದಿನ ನಡುವೆ, ವರ್ಕ್‌ಶಾಪಿನ ಮೂಲೆಯಲ್ಲಿ ಕೂತು ಅದನ್ನು ಓದಿ ನಾನು ಕಣ್ಣೀರು ಹಾಕಿದ್ದೇನೆ. ಕೆಲಸದವರು ಕಬ್ಬಿಣದ ಕಿಡಿ ಬಿತ್ತೆಂದು ತಿಳಿದು ಕಣ್ಣಿಗೆ ನೀರು ಚಿಮುಕಿಸಿದ್ದಾರೆ.

ಆಮೇಲೆ ಅದೇ ಕಥೆ ಟೀವಿ ಸರಣಿಯಾಗಿ ಬಂತು. ಊರೆಲ್ಲ ನೋಡಿತು. ನಾನು ನೋಡಲಿಲ್ಲ. ಪುಸ್ತಕ ಓದಿದವನು ಧಾರಾವಾಹಿ ನೋಡುವುದೆಂದರೆ ಹೋಳಿಗೆ ತಿಂದವನು ಹೋಳಿಗೆಯ ಫೋಟೋ ನೋಡಿದ ಹಾಗೆ ಎಂಬುದು ನನ್ನ ಸಿದ್ಧಾಂತವಾಗಿತ್ತು. ಬಾಗಲಗುಂಟೆಯ ನಮ್ಮ ಮನೆಯಲ್ಲಿ ಹೆಂಡತಿ ಗಿರಿಜಾ ಊಟವಾದ ಮೇಲೆ ಅದನ್ನು ಕನ್ನಡದಲ್ಲಿ ಹಾಕಿಕೊಂಡು ನೋಡುತ್ತಿದ್ದಳು. ನಾನು ಟೀವಿಗೆ ಬೆನ್ನು ಹಾಕಿ ಕೂತು ತಿದ್ದುಪಡಿ ನೀಡುತ್ತಿದ್ದೆ.

"ಆ ಮಂತ್ರಿ ಮಾತಾಡ್ತಿದಾನಾ? ಅವನು ಪುಸ್ತಕದಲ್ಲಿ ಆಗಲೇ ಸತ್ತಿದಾನೆ!"

"ಇಲ್ಲಿ ಬದುಕಿದಾನೆ ಬಿಡ್ರೀ, ಪಾಪ."

"ಸಾಯಲೇಬೇಕು ಕಣೇ! ಮುಂದಿನ ಕಥೆಯೆಲ್ಲ ನಿಂತಿರೋದೇ ಅವನ ಸಾವಿನ ಮೇಲೆ!"

"ಏನ್ ಮನುಷ್ಯರಪ್ಪ ನೀವು! ಒಬ್ರು ಸಾಯ್ಲಿ ಅಂತ ಇಷ್ಟು ಹಟಾನಾ?"

ಹೀಗಿರುವಾಗ ನನ್ನ ಅಕ್ಕನ ಮಗಳು ಸಹನಾಳ ಮದುವೆ ಗೊತ್ತಾಯಿತು. ಅಕ್ಕನವರು ದಾವಣಗೆರೆ ಬಿಟ್ಟು ಬಂದು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ನೆಲೆಸಿ ಬಹಳ ಕಾಲವಾಯಿತು. ಹುಡುಗ ಕಿರಣ್, ಸಹನಾಳ ಆಫೀಸಿನವನೇ. ಒಂದು ಬೆಳಿಗ್ಗೆ ಅವಳ ಫೋನ್ ಬಂತು.

"ಮಾಮಾ, ರಿಸೆಪ್ಷನ್‌ಗೆ ನಾವಿಬ್ರೂ ಓರೂನ್ ಮೇಲೆ ಕೂತು ಎಂಟ್ರಿ ಕೊಡ್ಬೇಕು ಅಂತಿದೀವಿ. ಡೆಕೊರೇಷನ್‌ನವರು ಥರ್ಮೋಕೋಲ್‌ನಲ್ಲಿ ಮಾಡ್ತೀವಿ ಅಂತಿದಾರೆ."

ಥರ್ಮೋಕೋಲ್! ನನ್ನ ರಕ್ತ ಕುದಿಯಿತು. ಸೋದರಮಾವ ಪೀಣ್ಯದಲ್ಲಿ ಜೀವಂತ ಇರುವಾಗ ಮದುಮಗಳು ಥರ್ಮೋಕೋಲ್ ಮೇಲೆ ಬರುವುದೇ?

"ಬೇಡಮ್ಮ. ನಾನು ಮಾಡ್ತೀನಿ. ಇಬ್ಬರನ್ನೂ ಹೊರುವಂಥ ಗಟ್ಟಿ ಹಕ್ಕಿ. ಕೆಳಗೆ ಚಕ್ರ ಇರತ್ತೆ. ನಾನೇ ತಳ್ಕೊಂಡು ಬರ್ತೀನಿ."

"ನಿಜವಾಗ್ಲೂ? ಥ್ಯಾಂಕ್ಯೂ ಮಾಮಾ! ಫೋಟೋ ಕಳಿಸ್ಲಾ?"

"ಫೋಟೋ ಯಾಕೆ? ಮೂಲ ನನ್ನ ಹತ್ತಿರ ಇದೆ!"

ಈ ಒಂದು ವಾಕ್ಯವನ್ನು ನಾನು ಆಡದೇ ಇದ್ದಿದ್ದರೆ ಈ ಬರಹವನ್ನು ನೀವು ಓದಬೇಕಾಗಿರಲಿಲ್ಲ.

ಸಹನಾ ಪುಸ್ತಕದ ಹಕ್ಕಿಯನ್ನೇ ಬಯಸಿದ್ದಾಳೆ ಎಂದು ನಾನು ನಂಬಿದ್ದಕ್ಕೂ ಕಾರಣವಿತ್ತು. ಸರಣಿಯ ಮೊದಲ ಸಂಪುಟವನ್ನು ಅವಳು ನನ್ನಿಂದ ಕೇಳಿ ಒಯ್ದಿದ್ದಳು. ನಮ್ಮ ವಂಶದಲ್ಲಿ ಇನ್ನೊಬ್ಬ ಓದುಗಿ ಹುಟ್ಟಿದಳೆಂದು ಹೆಮ್ಮೆಪಟ್ಟು, ನನಗೆಂದು ಇನ್ನೊಂದು ಪ್ರತಿ ಕೊಂಡಿದ್ದೆ.

ಈಗ ಕಾದಂಬರಿಯ ಓರೂನ್ ಹೇಗಿದೆ ಎಂದು ಹೇಳಬೇಕು. ಅದು ಮುದಿ ಹಕ್ಕಿ. ಬಣ್ಣ ಬೂದಿ. ಹಿಂದೆಂದೋ ಬೆಂಕಿಗೆ ಸಿಕ್ಕಿದ್ದರಿಂದ ಕುತ್ತಿಗೆಯ ಮೇಲೆ ಒಂದು ಗರಿಯೂ ಇಲ್ಲ. ಕೊಕ್ಕು ಮುಕ್ಕಾಗಿದೆ. ಒಂದು ಕಣ್ಣು ಕುರುಡು, ಒಂದು ರೆಕ್ಕೆ ಜೋತುಬಿದ್ದಿದೆ. ಆದರೆ ಮೂಳೆಗಳ ಹೊಂಡದಲ್ಲಿ ಚಳಿಗೆ ನಡುಗುವ ಹುಡುಗಿಯ ಮೇಲೆ ಅದು ಆ ಜೋತುಬಿದ್ದ ರೆಕ್ಕೆಯನ್ನೇ ಹೊದಿಸುತ್ತದೆ. ನಾನು ಅತ್ತದ್ದು ಅಲ್ಲಿಯೇ.

ಅದನ್ನು ಅಕ್ಷರ ಬಿಡದೆ ತಗಡಿಗೆ ಇಳಿಸಿದೆ. ಗರಿಗಳನ್ನು ಒಂದೊಂದಾಗಿ ಕತ್ತರಿಸಿ ಬಾಗಿಸಿದೆ. ಕುತ್ತಿಗೆಯನ್ನು ಸುಟ್ಟ ಚರ್ಮದಂತೆ ಸುತ್ತಿಗೆಯಿಂದ ಬಡಿದು ಬಡಿದು ಸುಕ್ಕು ಮಾಡಿದೆ. ನಮ್ಮ ವೆಲ್ಡರ್ ಮುನಿರಾಜು ದೂರದಿಂದ ನೋಡಿ ಕೇಳಿದ:

"ಸಾರ್, ಕೋಳಿಗೆ ರೋಗ ಬಂದೈತಾ?"

"ಮುನಿರಾಜು, ಇದು ಓರೂನ್!"

"ಯಾವೂರೋನು ಸಾರ್?"

ಗಿರಿಜಾ ಒಂದು ದಿನ ಊಟದ ಡಬ್ಬಿ ತಂದವಳು ಹಕ್ಕಿಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು.

"ರೀ, ಇದು ಬಿಳಿ ಅಲ್ವಾ? ತಲೆ ಮೇಲೆ ಬಂಗಾರದ ಜುಟ್ಟು ಇರ್ಬೇಕಲ್ಲ?"

"ಅದು ಧಾರಾವಾಹಿಯ ಹಕ್ಕಿ. ಇದು ಮೂಲ ಹಕ್ಕಿ!"

"ಸಹನಾನ ಒಂದು ಮಾತು ಕೇಳ್ರೀ."

"ಓದಿದವರನ್ನ ಕೇಳೋದೇನಿದೆ?"

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಾದಂಬರಿಯ ಓರೂನ್ ಮಾತನಾಡುತ್ತದೆ. ಹುಡುಗಿಯನ್ನು ಮೊದಲ ಸಲ ಕಂಡಾಗ ಅದು ಆಡುವ ಮಾತನ್ನು ನಾನೇ ಕನ್ನಡಕ್ಕೆ ತಂದೆ. ಖಾಲಿ ಪೇಂಟ್ ಡ್ರಮ್ಮಿನೊಳಗೆ ತಲೆ ಹಾಕಿ, ಗೊಗ್ಗರು ದನಿ ಮಾಡಿ ರೆಕಾರ್ಡ್ ಮಾಡಿದೆ. ಹಕ್ಕಿಯ ಹೊಟ್ಟೆಯಲ್ಲಿ ಸ್ಪೀಕರ್ ಇಟ್ಟೆ. ವೇದಿಕೆಯ ಮುಂದೆ ಗಾಡಿ ನಿಲ್ಲಿಸಲು ಬ್ರೇಕ್ ಒತ್ತಿದರೆ ಸಾಕು, ಹಕ್ಕಿ ಮಾತಾಡಬೇಕು. ಇದನ್ನು ಯಾರಿಗೂ ಹೇಳಲಿಲ್ಲ. ಸೋದರಮಾವನ ವಿಶೇಷ ಉಡುಗೊರೆ!

ಮದುವೆಯ ಹಿಂದಿನ ದಿನ ಹಕ್ಕಿಯನ್ನು ಟೆಂಪೋದಲ್ಲಿ ನಿಲ್ಲಿಸಿ, ಹಗ್ಗ ಬಿಗಿದು, ನಾನೂ ಮುನಿರಾಜುವೂ ವೈಟ್‌ಫೀಲ್ಡಿಗೆ ಹೊರಟೆವು. ರಿಂಗ್ ರೋಡಿಗೆ ಬರುತ್ತಲೇ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರು.

"ಏನ್ರೀ ಇದು?"

"ಪಕ್ಷಿ ಸಾರ್."

"ಯಾವ ಪಕ್ಷ?"

"ಪಕ್ಷ ಅಲ್ಲ ಸಾರ್, ಪಕ್ಷಿ."

"ಅದೇ ಕಣ್ರೀ, ಯಾವ ಪಕ್ಷದ ಚಿಹ್ನೆ? ಪ್ರಚಾರಕ್ಕೆ ಪರ್ಮಿಷನ್ ಇದ್ಯಾ?"

ನಾನು ಕೆಳಗಿಳಿದು ಕಾದಂಬರಿಯ ಕಥೆಯನ್ನು ಮೊದಲಿನಿಂದ ವಿವರಿಸತೊಡಗಿದೆ. ರಾಜ ಮೋಸದಿಂದ ಕೋಟೆ ಹಿಡಿಯುವ ಭಾಗಕ್ಕೆ ಬರುವಷ್ಟರಲ್ಲಿ ಅವರು ಎರಡೂ ಕೈ ಜೋಡಿಸಿದರು. "ಹೋಗಿ ಸಾರ್, ದಯವಿಟ್ಟು ಹೋಗಿ. ಹಿಂದೆ ಟ್ರಾಫಿಕ್ ನಿಂತಿದೆ."

ಕಲ್ಯಾಣ ಮಂಟಪ ತಲುಪಿದಾಗ ಇನ್ನೊಂದು ಸತ್ಯ ತಿಳಿಯಿತು. ಹಕ್ಕಿ ಬಾಗಿಲೊಳಗೆ ಹಿಡಿಸುವುದಿಲ್ಲ! ಕಾದಂಬರಿಯಲ್ಲಿ ರೆಕ್ಕೆಯ ಅಗಲ ಕೊಟ್ಟಿದ್ದರು. ವೈಟ್‌ಫೀಲ್ಡಿನ ಕಲ್ಯಾಣ ಮಂಟಪದ ಬಾಗಿಲಿನ ಅಗಲ ಕೊಟ್ಟಿರಲಿಲ್ಲ. ಓರೆ ಮಾಡಿ ತಳ್ಳಿದೆವು. ರೆಕ್ಕೆ ಹೂವಿನ ಕಮಾನಿಗೆ ಸಿಕ್ಕಿ, ಕಮಾನೂ ನಮ್ಮ ಜೊತೆ ಹೊರಟಿತು. ಕೊನೆಗೆ ಮುನಿರಾಜು ಗ್ರೈಂಡರ್ ತಂದು ಚೆನ್ನಾಗಿದ್ದ ರೆಕ್ಕೆಯ ಒಂದು ಕೀಲನ್ನು ಕತ್ತರಿಸಿದ. ಅದೂ ಜೋತುಬಿತ್ತು.

"ಈಗ ಎರಡೂ ಒಂದೇ ಸಮ ಆಯ್ತು ಸಾರ್," ಎಂದ ಸಮಾಧಾನವಾಗಿ.

ಸದ್ದಿಗೆ ಅಕ್ಕ ಒಳಗಿನಿಂದ ಓಡಿಬಂದಳು. ಹಕ್ಕಿಯನ್ನು ನೋಡಿದಳು. ನನ್ನನ್ನು ನೋಡಿದಳು.

"ಬಸೂ! ಮದ್ವಿ ಮನಿಗೆ ರಣಹದ್ದು ತಂದೀಯೇನೋ?"

ಅವಳ ಹಿಂದೆ ಸಹನಾ, ಕೈತುಂಬ ಮೆಹಂದಿ. ಅವಳ ಹಿಂದೆ ಕಿರಣ್. ಹಕ್ಕಿ ತನ್ನ ಒಂದೇ ಕಣ್ಣಿನಿಂದ ಎಲ್ಲರನ್ನೂ ನೋಡುತ್ತಿತ್ತು.

"ಮಾಮಾ, ಇದ್ಯಾರು?" ಎಂದಳು ಸಹನಾ.

"ಓರೂನ್ ಕಣಮ್ಮ! ನೀನು ಪುಸ್ತಕ ಓದಿದೀಯಲ್ಲ?"

ಅವಳು ತುಟಿ ಕಚ್ಚಿಕೊಂಡಳು. "ಅದನ್ನ ಲ್ಯಾಪ್‌ಟಾಪ್ ಕೆಳಗೆ ಇಟ್ಕೊಂಡಿದೀನಿ ಮಾಮಾ. ಎತ್ತರ ಸರಿಯಾಗಿ ಬಂತು, ಕುತ್ತಿಗೆ ನೋವು ಹೋಯ್ತು."

ಕಿರಣ್ ಒಳ್ಳೆಯ ಹುಡುಗ. "ಅಂಕಲ್, ವೆಲ್ಡಿಂಗ್ ಮಾತ್ರ ಸಕ್ಕತ್ತಾಗಿದೆ," ಎಂದ. ಆ 'ಮಾತ್ರ' ನನ್ನ ಎದೆಗೆ ನಾಟಿತು.

ಸಹನಾಳ ಕಣ್ಣಂಚಿನಲ್ಲಿ ನೀರು ನಿಂತಿತ್ತು. ಅದನ್ನು ಕಂಡ ಮೇಲೆ ನನ್ನ ಸಾಹಿತ್ಯವೆಲ್ಲ ಇಳಿದುಹೋಯಿತು. ಎತ್ತಿ ಆಡಿಸಿದ ಮಗು ತನ್ನ ದೊಡ್ಡ ದಿನಕ್ಕೆ ಒಂದು ಬಿಳಿ ಹಕ್ಕಿ ಕೇಳಿತ್ತು. ನಾನು ಮುದಿ ಹದ್ದು ತಂದಿದ್ದೆ. ಗಿರಿಜಾ ನನ್ನ ತೋಳು ಹಿಡಿದು ಜನರೇಟರ್ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ತನ್ನ ಮೊಬೈಲು ಕೈಗಿಟ್ಟಳು.

"ಮೊದ್ಲು ಇದನ್ನ ನೋಡಿ. ಬೆನ್ನು ತಿರುಗಿಸ್ಬೇಡಿ!"

ಮೂಳೆಗಳ ಹೊಂಡದ ಅದೇ ದೃಶ್ಯ. ಕಾದಂಬರಿಯಲ್ಲಿ ಹಕ್ಕಿ ಅಲ್ಲಿ ಪುಟಗಟ್ಟಲೆ ಮಾತಾಡುತ್ತದೆ: ತನ್ನ ಹಸಿವು, ಮುಪ್ಪು, ರಾಜನ ಮೋಸ. ಇಲ್ಲಿ ಒಂದು ಮಾತೂ ಇಲ್ಲ. ಊರು ಉರಿದ ಬೂದಿ ಆಕಾಶದಿಂದ ಸುರಿಯುತ್ತಿದೆ. ಹುಡುಗಿ ಮುದುಡಿ ಕೂತಿದ್ದಾಳೆ. ಹಾಲಿನಂಥ ಬಿಳಿ ಹಕ್ಕಿಯೊಂದು ಬಂದು ಅವಳ ಮೇಲೆ ರೆಕ್ಕೆ ಬಿಚ್ಚುತ್ತದೆ. ಆ ರೆಕ್ಕೆಯ ಮೇಲೆ ಬೂದಿ ಬೀಳುತ್ತ ಬೀಳುತ್ತ, ನಮ್ಮ ಕಣ್ಣೆದುರೇ ಅದು ಬೂದಿಬಣ್ಣಕ್ಕೆ ತಿರುಗುತ್ತದೆ. ಹುಡುಗಿ ಮಾತ್ರ ಅಡಿಯಲ್ಲಿ ಶುಭ್ರವಾಗಿದ್ದಾಳೆ.

ನಾನು ಬೆಪ್ಪಾಗಿ ಕೂತೆ. ಪುಸ್ತಕದ ಬೂದಿಬಣ್ಣವನ್ನು ಅವರು ಬಿಟ್ಟಿರಲಿಲ್ಲ! ಅದು ಬಂದದ್ದು ಹೇಗೆಂದು ತೋರಿಸಿಬಿಟ್ಟಿದ್ದರು. ನಾನು ಹಕ್ಕಿಯ ಬಣ್ಣ ಓದಿದ್ದೆ, ಅವರು ಹಕ್ಕಿಯನ್ನೇ ಓದಿದ್ದರು. ಕುರೂಪಿ ಹಕ್ಕಿಯನ್ನು ಪ್ರೀತಿಸಲು ಓದುಗನಿಗೆ ನೂರಾರು ಪುಟ ಪುರಸೊತ್ತು ಇರುತ್ತದೆ. ನೋಡುವವನಿಗೆ ಇರುವುದು ಒಂದು ಗಳಿಗೆ. ಆ ಗಳಿಗೆಯಲ್ಲಿ ಅವರು ನನ್ನನ್ನು ಅಳಿಸಿದರು. ಪುಸ್ತಕದಲ್ಲಿ ನಾನು ಅತ್ತದ್ದು ಮೊದಲ ಸಂಪುಟದ ಕೊನೆಗೆ, ಇಲ್ಲಿ ಮೊದಲ ಜಾಹೀರಾತಿಗೆ ಮುಂಚೆ!

"ಅಳೋದು ಆಮೇಲೆ, ಏಳಿ," ಎಂದಳು ಗಿರಿಜಾ.

ಅವಳೇ ಮುಂದೆ ನಿಂತಳು. ಊಟದ ಹಾಲ್‌ನ ಅಲಂಕಾರಕ್ಕೆಂದು ಬಂದಿದ್ದ ಬಿಳಿ ಸೇವಂತಿಗೆಯ ಮಾರುಗಳನ್ನೆಲ್ಲ ತರಿಸಿದಳು. ನಾನು, ಮುನಿರಾಜು, ಕಿರಣ್, ಅಕ್ಕ ಎಲ್ಲರೂ ಸುತ್ತಿದ್ದೇ ಸುತ್ತಿದ್ದು. ತಗಡಿನ ಗರಿಗಳ ಸಂದಿಗೆ ಹೂವು ಚೆನ್ನಾಗಿಯೇ ಕೂತಿತು. ಬೋಳು ಕುತ್ತಿಗೆಗೆ ಎಂಟು ಸುತ್ತು ಮಾಲೆ. ತಲೆಗೆ ಬೀಗರಿಗೆಂದು ತಂದಿದ್ದ ಜರಿ ಪೇಟ. ಸಹನಾ ಹತ್ತಿರ ಬಂದು ಹಕ್ಕಿಯ ಮುಕ್ಕಾದ ಕೊಕ್ಕು ಸವರಿದಳು.

"ಮಾಮಾ, ನೀವು ನನಗೋಸ್ಕರ ಮಾಡಿದ್ದಿದು. ಇದ್ರ ಮೇಲೇ ಬರ್ತೀನಿ."

ಅಂದು ಸಂಜೆ ರಿಸೆಪ್ಷನ್‌ಗೆ ಹಾಲ್ ತುಂಬಿತ್ತು. ದೀಪ ಆರಿಸಿದರು. ಸರಣಿಯ ಸಂಗೀತ ಶುರುವಾಯಿತು. ಬೆಳಕಿನ ವೃತ್ತದೊಳಗೆ ಬೆಳ್ಳಗಿನ ಹಕ್ಕಿ, ಅದರ ಮೇಲೆ ರಾಣಿಯಂತೆ ಸಹನಾ, ಪಕ್ಕದಲ್ಲಿ ಕಿರಣ್. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನಿಂದ ತಳ್ಳುತ್ತಿದ್ದ ನನ್ನ ಎದೆ ಉಬ್ಬಿತು. ವೇದಿಕೆ ಬಂತು. ಸಂಗೀತ ನಿಂತಿತು. ನಾನು ಹೆಮ್ಮೆಯಿಂದ ಬ್ರೇಕ್ ಒತ್ತಿದೆ.

ಸ್ಪೀಕರ್!

"ನನಗೆ ಹಸಿವಾಗಿದೆ," ಎಂದು ಹಕ್ಕಿ ನನ್ನ ದನಿಯಲ್ಲಿ ಗುಡುಗಿತು. "ಹೇಳು ಹುಡುಗಿ, ನಿನ್ನನ್ನು ತಿನ್ನಲೋ, ಹೊರಲೋ?"

ಅಕ್ಕ ಹಣೆ ಹಿಡಿದುಕೊಂಡಳು. ಹಕ್ಕಿಯ ಹಿಂದೆ ಅಡಗಲು ನನಗೆ ಜಾಗ ಸಾಲಲಿಲ್ಲ. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಕಿರಣನ ಅಜ್ಜಿ, ರಾಣೆಬೆನ್ನೂರಿನವರು, ಎದ್ದು ನಿಂತು ಕೈ ಬೀಸಿ ಹಕ್ಕಿಗೇ ಉತ್ತರ ಕೊಟ್ಟರು:

"ಹೊರೋ ಯಪ್ಪಾ, ಹೊರು! ತಿನ್ನಾಕ ಒಳಗ ಊಟ ಐತಿ!"

ಇಡೀ ಹಾಲ್ ನಕ್ಕಿತು. ಸಹನಾ ನಗು ತಡೆಯಲಾರದೆ ಹಕ್ಕಿಯ ಕುತ್ತಿಗೆಯನ್ನು ತಬ್ಬಿಕೊಂಡಳು. ಎಂಟೂ ಸುತ್ತಿನ ಮಾಲೆ ಜಾರಿ ಬಿತ್ತು. ಬೋಳು ಕುತ್ತಿಗೆಯನ್ನು ಅಪ್ಪಿಕೊಂಡು ಬಾಯ್ತುಂಬ ನಗುವ ಮದುಮಗಳು! ಆಲ್ಬಮ್ಮಿನ ಮೊದಲ ಪುಟದಲ್ಲಿ ಇರುವುದು ಆ ಚಿತ್ರವೇ. ಅದನ್ನು ಆರಿಸಿದವಳೂ ಅವಳೇ.

ಮದುವೆಯ ನಂತರ ನಾನು ಗಿರಿಜಾಳ ಪಕ್ಕ ಕೂತು ಇಡೀ ಸರಣಿಯನ್ನು ನೋಡಿದೆ. ಸಾಯಬೇಕಿದ್ದ ಆ ಮಂತ್ರಿ ಬದುಕಿ ಉಳಿದದ್ದು ಎಷ್ಟು ಒಳ್ಳೆಯದಾಯಿತು ಎಂದು ನಾನೇ ಹೇಳಿದೆ. ಗಿರಿಜಾ ಟೀವಿಯ ಸದ್ದು ಸ್ವಲ್ಪ ಜಾಸ್ತಿ ಮಾಡಿದಳು.

ಇನ್ನು ಹಕ್ಕಿಯ ವಿಚಾರ. ಆರತಕ್ಷತೆಯಲ್ಲಿ ಒಬ್ಬರು ಅದರ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ಮುಟ್ಟಿ ನೋಡಿ, ನನ್ನ ಕೈ ಕುಲುಕಿದ್ದರು. ಕಲಾಭಿಮಾನಿ ಎಂದುಕೊಂಡೆ. ಅಕ್ಕನ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಯಂತೆ.

"ಸಾರ್, ನಮ್ಮ ಬಿಲ್ಡಿಂಗ್‌ನಲ್ಲಿ ಪಾರಿವಾಳದ ಕಾಟ ಜಾಸ್ತಿ. ಬಲೆ ಹಾಕಿದ್ವಿ, ಏನೂ ಆಗ್ಲಿಲ್ಲ. ಈ ಮುಖ ನೋಡಿದ್ರೆ ಖಂಡಿತ ಹೆದರ್ತಾವೆ. ಟೆರೇಸಲ್ಲಿ ನಿಲ್ಲಿಸ್ಬಹುದಾ?"

ನಿಲ್ಲಿಸಿದೆ. ಕಳೆದ ವಾರ ಅವರ ಫೋನ್ ಬಂತು. "ಸಾರ್, ನಿಮ್ಮ ಹಕ್ಕೀನ ತಗೊಂಡೋಗ್ಬಿಡಿ. ಪಕ್ಕದ ಬಿಲ್ಡಿಂಗ್ ಪಾರಿವಾಳಗಳೂ ಇಲ್ಲಿಗೇ ಬಂದ್ಬಿಟ್ಟಿವೆ. ರೆಕ್ಕೆ ಅಡಿಯಲ್ಲೆಲ್ಲಾ ಗೂಡು!"

ಹೋಗಿ ನೋಡಿದೆ. ಜೋತುಬಿದ್ದ ಎರಡೂ ರೆಕ್ಕೆಗಳ ಕೆಳಗೆ ಮರಿಗಳು ಬೆಚ್ಚಗೆ ಕೂತಿದ್ದವು. ಕಾದಂಬರಿಗೆ ನಾನು ತೋರಿದ ನಿಷ್ಠೆಯನ್ನು ಪೂರ್ತಿಯಾಗಿ ಒಪ್ಪಿಕೊಂಡವರು ಇಡೀ ಬೆಂಗಳೂರಿನಲ್ಲಿ ಅವರೇ. ಅವರಲ್ಲೂ ಯಾರೂ ಪುಸ್ತಕ ಓದಿರಲಿಲ್ಲ!